ರಾಷ್ಟ್ರಗಳು ದಾನ ಮಾಡಬಲ್ಲವೆ?

ಹಸಿದವನಿಗೆ ಅನ್ನವನ್ನಿಕ್ಕುವುದು ಧರ್ಮವೆಂಬ ವಿಷಯದಲ್ಲಿ ಯಾವ ದೇಶದವರಿಗೂ ಯಾವ ಕಾಲದವರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಅನ್ನವನ್ನಿಕ್ಕುವವನು ಒಬ್ಬ ಗೃಹಸ್ಥನಾಗಿರದೆ ಒಂದು ರಾಷ್ಟ್ರವಾದಾಗ, ಹಸಿದವನು ಬಾಗಿಲಿಗೆ ಬಂದ ಅತಿಥಿಯಾಗಿರದೆ ಇನ್ನೊಂದು ರಾಷ್ಟ್ರವಾದಾಗ, ಈ ಸರಳವಾದ ಮಾತು ತೊಡಕಿನದಾಗುತ್ತದೆ. ಕೊಟ್ಟದ್ದು ದಾನವೋ, ವ್ಯಾಪಾರವೋ, ರಾಜಕೀಯದ ದಾಳವೋ ಎಂಬ ಸಂಶಯ ಆಗ ಹುಟ್ಟುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಸಂಯುಕ್ತ ಸಂಸ್ಥಾನವು ಪರದೇಶಗಳಿಗೆ ನೀಡಿದಷ್ಟು ಹಣವನ್ನೂ ಧಾನ್ಯವನ್ನೂ ಬೇರಾವ ರಾಷ್ಟ್ರವೂ ನೀಡಿಲ್ಲ. ಆ ಕಾರಣದಿಂದಲೇ ಅಷ್ಟೊಂದು ಸಂಶಯಕ್ಕೆ ಗುರಿಯಾದ ದಾನಿಯೂ ಬೇರೊಬ್ಬನಿಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆಯಾಗಿ ಬಂದ ಬಟ್ಟೆಯ ಉದ್ದವನ್ನು ಅಳೆಯುವವನನ್ನು ಗಾದೆ ಹಾಸ್ಯ ಮಾಡುತ್ತದೆ. ಆದರೆ ಇತಿಹಾಸಕಾರನ ಕಾಯಕವೇ ಹಿತ್ತಲಿಗೆ ಹೋಗಿ ಮೊಳ ಹಾಕುವುದು. ಕೃತಘ್ನತೆಯಿಂದ ಅವನು ಹೀಗೆ ಮಾಡುವುದಿಲ್ಲ. ಕೊಟ್ಟದ್ದೆಷ್ಟು, ಏಕೆ ಕೊಟ್ಟರು, ಪಡೆದವರಿಗೆ ಅದರಿಂದ ಆದದ್ದೇನು ಎಂಬುದನ್ನು ಅಳೆದು ನೋಡದ ಹೊರತು ಹೊಗಳಿಕೆಗೂ ಬೆಲೆಯಿಲ್ಲ, ತೆಗಳಿಕೆಗೂ ಬೆಲೆಯಿಲ್ಲ.

ಮೊದಲು ಒಂದು ಮೂಲಭೂತವಾದ ವ್ಯತ್ಯಾಸವನ್ನು ಗಮನಿಸಬೇಕು. ವ್ಯಕ್ತಿಯು ತಾನು ದುಡಿದದ್ದನ್ನು ದಾನ ಮಾಡುತ್ತಾನೆ. ಸರ್ಕಾರವು ದಾನ ಮಾಡುವುದು ಪ್ರಜೆಗಳ ತೆರಿಗೆಯ ಹಣವನ್ನು. ತನ್ನದಲ್ಲದುದನ್ನು ಕೊಡುವವನು ಒಡೆಯನಿಗೆ ಲೆಕ್ಕ ಒಪ್ಪಿಸಲೇಬೇಕಷ್ಟೆ? ಅಮೆರಿಕದ ಅಧ್ಯಕ್ಷನು ಪರದೇಶದ ಹಸಿವಿಗೆ ಹಣ ಕೇಳಿದಾಗಲೆಲ್ಲ ಕಾಂಗ್ರೆಸ್ಸಿನ ಸದಸ್ಯರು, ‘ಇದರಿಂದ ನಮ್ಮ ದೇಶಕ್ಕೇನು ಪ್ರಯೋಜನ?’ ಎಂದು ಕೇಳಿದ್ದಾರೆ. ಈ ಪ್ರಶ್ನೆಯನ್ನು ಕೇವಲ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇತರರ ಹಣಕ್ಕೆ ಧರ್ಮದರ್ಶಿಯಾದವನು ಕೇಳಬೇಕಾದ ಪ್ರಶ್ನೆಯೂ ಅದೇ. ಆದ್ದರಿಂದ ರಾಷ್ಟ್ರಗಳಿಂದ ನಿಷ್ಕಾಮದಾನವನ್ನು ನಿರೀಕ್ಷಿಸುವುದೇ ತಪ್ಪೆಂದು ಕೆಲವರು ಹೇಳುತ್ತಾರೆ. ಹಾಗಾದರೆ ಸ್ವಹಿತವು ಬೆರೆತ ನೆರವಿಗೆ ಧರ್ಮದ ದೃಷ್ಟಿಯಲ್ಲಿ ಯಾವ ಸ್ಥಾನವೂ ಇಲ್ಲವೆ? ಇದಕ್ಕೆ ಉತ್ತರವನ್ನು ತರ್ಕಕ್ಕಿಂತ ಹೆಚ್ಚಾಗಿ ನಡೆದ ಸಂಗತಿಗಳಲ್ಲಿ ಹುಡುಕುವುದು ಲೇಸು.

1921ರಲ್ಲಿ ರಷ್ಯಾದ ವೋಲ್ಗಾ ನದಿಯ ಪ್ರಾಂತಗಳಲ್ಲಿ ಘೋರ ಕ್ಷಾಮವು ತಲೆದೋರಿತು. ಸಾಹಿತಿ ಮ್ಯಾಕ್ಸಿಂ ಗೋರ್ಕಿಯು ಲೋಕಕ್ಕೆ ಮೊರೆಯಿಟ್ಟನು. ಆಗ ಮುಂದೆ ಬಂದವನು ಹರ್ಬರ್ಟ್ ಹೂವರ್. ಈತನು ಬೋಲ್ಷೆವಿಕ್ ಮತದ ಕಡುವಿರೋಧಿ. ಆತನ ಸರ್ಕಾರವಾದರೋ ಸೋವಿಯತ್ ಸರ್ಕಾರಕ್ಕೆ ಮಾನ್ಯತೆಯನ್ನು ಕೂಡ ನೀಡಿರಲಿಲ್ಲ. ಅದನ್ನು ನೀಡಿದ್ದು 1933ರಲ್ಲಿ. ಹೀಗಿದ್ದರೂ ರೀಗಾ ನಗರದಲ್ಲಿ ಒಪ್ಪಂದವಾಗಿ, ಹೂವರನ ಅಮೆರಿಕನ್ ಪರಿಹಾರ ಸಂಸ್ಥೆಯು 1922ರ ಬೇಸಗೆಯ ಹೊತ್ತಿಗೆ ದಿನಂಪ್ರತಿ ಒಂದು ಕೋಟಿಗೂ ಮಿಕ್ಕ ಜನರಿಗೆ ಊಟವಿಕ್ಕುತ್ತಿತ್ತು. ಅಮೆರಿಕದ ಕಾಂಗ್ರೆಸ್ಸು ಇದಕ್ಕಾಗಿ 2 ಕೋಟಿ ಡಾಲರುಗಳನ್ನು ಮಂಜೂರು ಮಾಡಿತು. ಆ ಹಣದಿಂದ ಕೊಂಡದ್ದು ಬೆಲೆ ಕುಸಿದು ಕಂಗಾಲಾಗಿದ್ದ ಅಮೆರಿಕದ ರೈತರ ಜೋಳವನ್ನೇ. ಅನ್ನವನ್ನು ಕಂಡ ಜನರು ಬೋಲ್ಷೆವಿಕರನ್ನು ತೊರೆದಾರೆಂಬ ಆಸೆಯೂ ಹೂವರನ ಮನಸ್ಸಿನಲ್ಲಿ ಇಲ್ಲದಿರಲಿಲ್ಲ. ಆ ಆಸೆ ಕೈಗೂಡಲಿಲ್ಲ. ಸೋವಿಯತ್ ಸರ್ಕಾರವು ಉಳಿಯಿತು, ಮಕ್ಕಳೂ ಉಳಿದರು. ಇತ್ತ ಪಡೆದವರ ನಡತೆಯೂ ನಿರ್ಮಲವಾಗಿರಲಿಲ್ಲ. ಕ್ಷಾಮವು ಇನ್ನೂ ಪೂರ್ಣವಾಗಿ ತೊಲಗದಿರುವಾಗಲೇ, 1922ರ ಕೊನೆಯಲ್ಲಿ, ಅವರು ಹೊರದೇಶಗಳಿಗೆ ಧಾನ್ಯವನ್ನು ಮಾರತೊಡಗಿದರು. ಕೊಡುವವನಲ್ಲಿ ಸ್ವಾರ್ಥ, ಕೊಳ್ಳುವವನಲ್ಲಿ ಕಪಟ. ಇವೆರಡರ ನಡುವೆಯೂ ಲಕ್ಷಾಂತರ ಜೀವಗಳು ಉಳಿದವು. ಈ ಸಂಗತಿಯನ್ನು ಯಾವ ಪಕ್ಷದವರೂ ಅಲ್ಲಗಳೆಯುವಂತಿಲ್ಲ.

ಎರಡನೆಯ ನಿದರ್ಶನ ಮಾರ್ಷಲ್ ಯೋಜನೆ. 1947ರ ಜೂನ್ 5ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಮಾಡಿದ ಭಾಷಣದಿಂದ ಮೊದಲಾಗಿ, 1948ರಿಂದ 1951ರವರೆಗೆ ಸುಮಾರು 1,300 ಕೋಟಿ ಡಾಲರುಗಳು ಯುದ್ಧದಿಂದ ಜರ್ಜರಿತವಾಗಿದ್ದ ಪಶ್ಚಿಮ ಯೂರೋಪಿಗೆ ಹರಿದುವು. ಇದರಲ್ಲಿ ಹೆಚ್ಚಿನ ಪಾಲು ಸಾಲವಲ್ಲ, ಕೊಡುಗೆ. ಕಮ್ಯೂನಿಸ್ಟ್ ಪಕ್ಷಗಳು ಬೆಳೆಯದಂತೆ ತಡೆಯುವುದೂ ಅಮೆರಿಕದ ಕಾರ್ಖಾನೆಗಳಿಗೆ ಗಿರಾಕಿಗಳನ್ನು ಉಳಿಸಿಕೊಳ್ಳುವುದೂ ಇದರ ಉದ್ದೇಶಗಳಾಗಿದ್ದುವೆಂಬುದನ್ನು ಅದರ ಪ್ರತಿಪಾದಕರೇ ಮುಚ್ಚಿಡಲಿಲ್ಲ. ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಯಾರಿಗೆ ಏನು ಬೇಕೆಂಬುದನ್ನು ಯೂರೋಪಿನ ದೇಶಗಳೇ ಒಂದೆಡೆ ಕುಳಿತು ನಿರ್ಧರಿಸಲಿ ಎಂದು ಮಾರ್ಷಲ್ ಸೂಚಿಸಿದನು. ಯೋಜನೆಗೆ ನಾಲ್ಕು ವರ್ಷಗಳ ಅವಧಿಯನ್ನು ಮೊದಲೇ ಗೊತ್ತುಪಡಿಸಲಾಗಿತ್ತು. ಯೂರೋಪಿನಲ್ಲಿ ವಿದ್ಯೆ, ಕೌಶಲ, ಆಡಳಿತ ಇವೆಲ್ಲವೂ ಮೊದಲಿನಿಂದಲೂ ಇದ್ದುವು. ಬಿದ್ದವನಿಗೆ ಏಳಲು ಒಂದು ಕೈ ಮಾತ್ರ ಬೇಕಾಗಿತ್ತು. ಅದೇ ಅಚ್ಚಿನಲ್ಲಿ ಏಷ್ಯ, ಆಫ್ರಿಕಗಳ ಬಡತನವನ್ನೂ ನೀಗಬಹುದೆಂದು ಭಾವಿಸಿದ್ದು ಮುಂದಿನ ಎಷ್ಟೋ ನಿರಾಸೆಗಳಿಗೆ ಕಾರಣವಾಯಿತು.

ಇನ್ನು ನಮ್ಮ ದೇಶದ ಕಥೆ. 1950ರ ಕೊನೆಯಲ್ಲಿ ಭಾರತವು 20 ಲಕ್ಷ ಟನ್ ಧಾನ್ಯವನ್ನು ಅಮೆರಿಕದಿಂದ ಯಾಚಿಸಿತು. ಅಧ್ಯಕ್ಷ ಟ್ರೂಮನ್ ಒಪ್ಪಿದರೂ ಕಾಂಗ್ರೆಸ್ಸಿನಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕೊರಿಯಾ ಯುದ್ಧದಲ್ಲಿ ನೆಹರೂ ತಮ್ಮ ಪಕ್ಷವನ್ನು ವಹಿಸಲಿಲ್ಲವೆಂದು ಕೆಲವರಿಗೆ ಕೋಪ. ಧಾನ್ಯಕ್ಕೆ ಪ್ರತಿಯಾಗಿ ತಿರುವಾಂಕೂರಿನ ಮೋನಜೈಟ್ ಮರಳನ್ನು, ಎಂದರೆ ಅಣುಶಕ್ತಿಗೆ ಬೇಕಾದ ಥೋರಿಯಂ ಅದಿರನ್ನು, ಕೊಡಲಿ ಎಂದು ಮತ್ತೆ ಕೆಲವರ ವಾದ. ದೇಶದ ಮಾನಕ್ಕೆ ಕುಂದು ತರುವ ಷರತ್ತುಗಳನ್ನು ಒಪ್ಪಲಾಗದೆಂದು ನೆಹರೂ ಸ್ಪಷ್ಟಪಡಿಸಿದರು. ಕೊನೆಗೆ 1951ರ ಜೂನ್ ತಿಂಗಳಿನಲ್ಲಿ 19 ಕೋಟಿ ಡಾಲರುಗಳ ಸಾಲದ ರೂಪದಲ್ಲಿ ಧಾನ್ಯವು ದೊರಕಿತು. ದಾನವಾಗಿ ಬರಬೇಕಾದುದು ಸಾಲವಾಗಿ ಬಂದದ್ದು ಒಂದು ದೃಷ್ಟಿಯಿಂದ ಒಳ್ಳೆಯದೇ ಆಯಿತು. ಸಾಲಗಾರನು ತಲೆಯೆತ್ತಿ ನಿಲ್ಲಬಲ್ಲನು. ತೀರಿಸಿದ ದಿನ ಅವನ ಋಣ ಹರಿಯುತ್ತದೆ. ದಾನದ ಋಣಕ್ಕೆ ಅವಧಿಯೆಂಬುದಿಲ್ಲ.

1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ 480ನೆಯ ಸಾರ್ವಜನಿಕ ಕಾಯಿದೆಯು ‘ಪಿ.ಎಲ್. 480’ ಎಂಬ ಹೆಸರಿನಿಂದ ನಮ್ಮ ಹಳ್ಳಿಹಳ್ಳಿಗೂ ಪರಿಚಿತವಾಯಿತು. ಇದರ ಮೂಲೋದ್ದೇಶ ಪರರ ಹಸಿವಿಗಿಂತ ಹೆಚ್ಚಾಗಿ ಅಮೆರಿಕದ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಮಿಗತೆ ಧಾನ್ಯಕ್ಕೆ ದಾರಿ ಹುಡುಕುವುದಾಗಿತ್ತು. ಕಾಯಿದೆಯ ಹೆಸರಿನಲ್ಲಿಯೇ ‘ವ್ಯಾಪಾರಾಭಿವೃದ್ಧಿ’ ಎಂಬ ಮಾತು ಸೇರಿತ್ತು. ಧಾನ್ಯದ ಅರ್ಧಪಾಲನ್ನು ಅಮೆರಿಕದ ಹಡಗುಗಳಲ್ಲಿಯೇ ಸಾಗಿಸಬೇಕೆಂಬ ಕಟ್ಟಳೆಯೂ ಇತ್ತು. ಭಾರತವು 1956ರ ಆಗಸ್ಟಿನಲ್ಲಿ ಮೊದಲ ಒಪ್ಪಂದವನ್ನು ಮಾಡಿಕೊಂಡಿತು. 1960ರ ಮೇ ತಿಂಗಳಿನಲ್ಲಿ ಆಹಾರ ಸಚಿವ ಎಸ್.ಕೆ. ಪಾಟೀಲರು ನಾಲ್ಕು ವರ್ಷಗಳಿಗೆ 1 ಕೋಟಿ 60 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಗಾಗಿ ಸಹಿ ಹಾಕಿದರು. ಬೆಲೆಯನ್ನು ಡಾಲರಿನಲ್ಲಿ ಕೊಡಬೇಕಾಗಿರಲಿಲ್ಲ. ರೂಪಾಯಿಗಳಲ್ಲಿ ಕೊಟ್ಟರೆ ಸಾಕಾಗಿತ್ತು. ಆ ರೂಪಾಯಿಗಳು ಭಾರತದಲ್ಲಿಯೇ ಅಮೆರಿಕದ ಲೆಕ್ಕಕ್ಕೆ ಜಮೆಯಾಗಿ, ಅವುಗಳಲ್ಲಿ ಹೆಚ್ಚಿನ ಪಾಲು ನಮ್ಮ ಯೋಜನೆಗಳಿಗೇ ಸಾಲವಾಗಿ ಮರಳುತ್ತಿತ್ತು. ಅದೇ ಕಾಲದಲ್ಲಿ ಕೇರ್ ಸಂಸ್ಥೆಯ ಮೂಲಕ ಬಂದ ಹಾಲಿನ ಪುಡಿ, ರವೆ ಮೊದಲಾದವುಗಳಿಂದ ನಮ್ಮ ನಾಡಿನ ಶಾಲೆಗಳಲ್ಲಿಯೂ ಮಧ್ಯಾಹ್ನದ ಉಪಾಹಾರ ನಡೆಯಿತು. ಆ ಉಪ್ಪಿಟ್ಟಿನ ರುಚಿಯನ್ನು ನೆನೆಯುವ ಹಿರಿಯರು ಇಂದಿಗೂ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮಿಗತೆಯಾದುದರಿಂದ ಬಂದ ಅನ್ನವಾದರೂ ತಿಂದ ಮಗುವಿನ ಹೊಟ್ಟೆ ತುಂಬಿತೆಂಬುದು ಸುಳ್ಳಲ್ಲ.

ಆದರೆ ಈ ಸುಲಭದ ಗೋಧಿಯು ನಮ್ಮನ್ನು ಆಲಸ್ಯಕ್ಕೂ ಈಡುಮಾಡಿತು. ಹಡಗಿನ ಮೇಲೆ ಹಡಗು ಬರುತ್ತಿರುವಾಗ ಹೊಲಕ್ಕೆ ನೀರು, ಗೊಬ್ಬರ, ನ್ಯಾಯವಾದ ಬೆಲೆ ಒದಗಿಸುವ ಅವಸರ ದೆಹಲಿಗೆ ಕಾಣಲಿಲ್ಲ. 1964-65ರಲ್ಲಿ ಸುಮಾರು 8 ಕೋಟಿ 90 ಲಕ್ಷ ಟನ್ ಇದ್ದ ಆಹಾರಧಾನ್ಯದ ಉತ್ಪನ್ನವು ಮಳೆಯಿಲ್ಲದೆ 1965-66ರಲ್ಲಿ 7 ಕೋಟಿ 20 ಲಕ್ಷ ಟನ್ನಿಗೆ ಕುಸಿಯಿತು. ಮರುವರ್ಷವೂ ಮಳೆ ಕೈಕೊಟ್ಟು ಬಿಹಾರವು ಬೆಂದಿತು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಸೋಮವಾರ ಸಂಜೆಯ ಊಟವನ್ನು ಬಿಡಿರೆಂದು ಜನರನ್ನು ಬೇಡಿಕೊಂಡದ್ದು ಈ ಕಾಲದಲ್ಲಿಯೇ. 1966ರಲ್ಲಿ ಅಮೆರಿಕದಿಂದ 80 ಲಕ್ಷ ಟನ್ನಿಗೂ ಹೆಚ್ಚು ಧಾನ್ಯ ಬಂದಿತು. ಅಷ್ಟು ಅಪಾರವಾದ ನೆರವನ್ನು ಕೊಡುತ್ತಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ಅದನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿದರು. ದೀರ್ಘಾವಧಿಯ ಒಪ್ಪಂದವನ್ನು ಕೈಬಿಟ್ಟು, ತಿಂಗಳು ಎರಡು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಬಿಡುಗಡೆ ಮಾಡುತ್ತ, ಪ್ರತಿಯೊಂದು ಕಂತಿಗೂ ದೆಹಲಿಯು ಕಾದು ಕುಳಿತಿರುವಂತೆ ಮಾಡಿದರು. ಬೇಸಾಯಕ್ಕೆ ಆದ್ಯತೆ ಕೊಡಿರೆಂಬ ಹಿತವಚನವೂ ಅದರಲ್ಲಿ ಇತ್ತು. ವಿಯಟ್ನಾಂ ಯುದ್ಧವನ್ನು ಟೀಕಿಸದಿರಿ ಎಂಬ ಎಚ್ಚರಿಕೆಯೂ ಇತ್ತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆಯನ್ನು ಡಾಲರಿಗೆ 4.76ರಿಂದ 7.50ಕ್ಕೆ ಇಳಿಸಬೇಕಾಗಿ ಬಂದುದರ ಹಿಂದೆಯೂ ನೆರವು ನೀಡುವವರ ಒತ್ತಾಯವಿತ್ತು.

ಈ ಗಿಡ್ಡ ಹಗ್ಗವೇ ಭಾರತವನ್ನು ಎಚ್ಚರಗೊಳಿಸಿ ಹಸಿರು ಕ್ರಾಂತಿಗೆ ಕಾರಣವಾಯಿತೆಂದು ಜಾನ್ಸನ್ ತಮ್ಮ ಆತ್ಮವೃತ್ತಾಂತದಲ್ಲಿ ಸಮರ್ಥಿಸಿಕೊಂಡರು. ಇಲ್ಲಿ ಮೊಳ ಹಾಕಿ ನೋಡುವುದು ಅವಶ್ಯ. ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಅವರು ರೈತನಿಗೆ ಲಾಭದಾಯಕ ಬೆಲೆ ದೊರಕಿಸುವ ನೀತಿಯನ್ನು 1964ರಿಂದಲೇ ಪ್ರತಿಪಾದಿಸುತ್ತಿದ್ದರು. ಬೆಲೆ ಆಯೋಗವೂ ಆಹಾರ ನಿಗಮವೂ 1965ರ ಜನವರಿಯಲ್ಲಿಯೇ ಅಸ್ತಿತ್ವಕ್ಕೆ ಬಂದಿದ್ದುವು. 1966ರಲ್ಲಿ ಮೆಕ್ಸಿಕೋ ದೇಶದಿಂದ 18,000 ಟನ್ ಗಿಡ್ಡ ತಳಿಯ ಗೋಧಿಯ ಬೀಜವನ್ನು ತರಿಸಿ ಬಿತ್ತಿದರು. ಆ ತಳಿಯನ್ನು ರೂಪಿಸಿದ ನಾರ್ಮನ್ ಬೋರ್ಲಾಗ್ ಅಮೆರಿಕದವನೇ. ಸಂಶೋಧನೆಗೆ ಹಣವಿತ್ತದ್ದು ಅಮೆರಿಕದ ಪ್ರತಿಷ್ಠಾನವೇ. 1964-65ರಲ್ಲಿ 1 ಕೋಟಿ 20 ಲಕ್ಷ ಟನ್ನಿನಷ್ಟಿದ್ದ ಗೋಧಿಯ ಬೆಳೆ 1970-71ರ ಹೊತ್ತಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹಗ್ಗದ ಜಗ್ಗಾಟವು ಕೆಲವು ನಿರ್ಧಾರಗಳನ್ನು ತ್ವರಿತಗೊಳಿಸಿರಬಹುದು. ಬೆಳೆಯನ್ನು ಬೆಳೆದದ್ದು ಹಗ್ಗವಲ್ಲ. ಕಾಳಿಗಿಂತ ಬೀಜವೇ ದೊಡ್ಡ ನೆರವೆಂಬುದನ್ನು ಈ ಪ್ರಕರಣವು ತೋರಿಸಿಕೊಟ್ಟಿತು. ಕಾಳು ಒಂದು ಊಟಕ್ಕೆ ತೀರುತ್ತದೆ. ಬೀಜವು ಕೊಟ್ಟವನನ್ನು ಅನಾವಶ್ಯಕನನ್ನಾಗಿ ಮಾಡುತ್ತದೆ.

ಹಸಿವನ್ನು ಹಗ್ಗವಾಗಿ ಹಿಡಿಯುವುದರ ಅನರ್ಥವು ಪೂರ್ಣವಾಗಿ ಪ್ರಕಟವಾದದ್ದು 1974ರ ಬಾಂಗ್ಲಾದೇಶದಲ್ಲಿ. ಹೊಸದಾಗಿ ಹುಟ್ಟಿದ ಆ ಬಡರಾಷ್ಟ್ರವು ಕ್ಯೂಬಾ ದೇಶಕ್ಕೆ ಸೆಣಬಿನ ಚೀಲಗಳನ್ನು ಮಾರಿತ್ತು. ಕ್ಯೂಬಾದೊಡನೆ ವ್ಯಾಪಾರ ಮಾಡುವವರಿಗೆ ಪಿ.ಎಲ್. 480ರ ಧಾನ್ಯವಿಲ್ಲವೆಂದು ಅಮೆರಿಕದ ಕಾನೂನು. ವ್ಯಾಪಾರವನ್ನು ನಿಲ್ಲಿಸಿದ ಮೇಲೆ ಧಾನ್ಯವು ಹೊರಟಿತಾದರೂ, ಅದು ತಲುಪುವ ವೇಳೆಗೆ ಕ್ಷಾಮದ ಅತ್ಯಂತ ಕಠಿಣವಾದ ತಿಂಗಳುಗಳು ಕಳೆದುಹೋಗಿದ್ದುವು. ಸತ್ತವರು ಸುಮಾರು 27 ಸಾವಿರವೆಂದು ಸರ್ಕಾರದ ಲೆಕ್ಕ. ಇತರರ ಅಂದಾಜುಗಳು ಅದಕ್ಕಿಂತ ಅನೇಕ ಪಟ್ಟು ಹೆಚ್ಚು. ನೆರೆ, ಬೆಲೆಯೇರಿಕೆ, ದಾಸ್ತಾನುಕೋರರ ದುರಾಸೆ, ಆಡಳಿತದ ಅದಕ್ಷತೆ ಇವೆಲ್ಲವೂ ಆ ಸಾವುಗಳಿಗೆ ಪಾಲುದಾರರು. ಧಾನ್ಯದ ವಿಳಂಬವೊಂದನ್ನೇ ಹೊಣೆಮಾಡುವುದು ಸರಿಯಲ್ಲ. ಆದರೂ ಚೀಲ ಮಾರಿದ ತಪ್ಪಿಗೂ ಹಳ್ಳಿಯ ಕೂಲಿಯವನ ಹಸಿವಿಗೂ ಏನು ಸಂಬಂಧ? ಈ ಪ್ರಶ್ನೆಗೆ ಯಾವ ರಾಜನೀತಿಯೂ ಉತ್ತರ ಕೊಡಲಾರದು.

ಇಷ್ಟನ್ನು ನೋಡಿದ ಮೇಲೆ ನಮ್ಮ ಮೊದಲ ಪ್ರಶ್ನೆಗೆ ಒಂದು ಉತ್ತರವು ಗೋಚರಿಸುತ್ತದೆ. ಕೊಡುವವನ ಸ್ವಹಿತವು ನೆರವಿನೊಡನೆ ಬೆರೆತಿರುವುದು ಅಧರ್ಮವಲ್ಲ. ರಷ್ಯಾದಲ್ಲಿಯೂ ಯೂರೋಪಿನಲ್ಲಿಯೂ ಭಾರತದಲ್ಲಿಯೂ ಅದು ಬೆರೆತೇ ಇತ್ತು. ಸ್ವಹಿತವೂ ಪರಹಿತವೂ ಒಂದೇ ದಾರಿಯಲ್ಲಿ ನಡೆಯುವಷ್ಟು ದೂರ ಅವು ಜೊತೆಯಾಗಿ ನಡೆಯಲಿ. ಅಧರ್ಮವು ಆರಂಭವಾಗುವುದು ಅವು ಬೇರೆ ಬೇರೆ ದಾರಿ ಹಿಡಿದ ಕ್ಷಣದಲ್ಲಿ, ಹಸಿದವನ ಹಸಿವೇ ಅವನ ಸರ್ಕಾರವನ್ನು ಬಾಗಿಸುವ ಉಪಕರಣವಾದಾಗ. ಧಾನ್ಯವು ಬಡವರಿಗೆ ತಲುಪಲಿ, ಲೆಕ್ಕ ಸರಿಯಿರಲಿ ಎಂಬ ಷರತ್ತು ಹಸಿವಿಗೆ ಸಂಬಂಧಿಸಿದುದು. ಅದು ದಾನಿಯ ಕರ್ತವ್ಯವೂ ಹೌದು. ನಮ್ಮ ಯುದ್ಧವನ್ನು ಹೊಗಳಿರಿ, ನಮ್ಮ ಶತ್ರುವಿಗೆ ಚೀಲ ಮಾರಬೇಡಿರಿ ಎಂಬ ಷರತ್ತಿಗೆ ಹಸಿವಿನೊಡನೆ ಯಾವ ಸಂಬಂಧವೂ ಇಲ್ಲ. ಈ ಎರಡು ಬಗೆಯ ಷರತ್ತುಗಳ ನಡುವಣ ಗೆರೆಯೇ ನೆರವಿನ ನೀತಿಶಾಸ್ತ್ರದ ಮುಖ್ಯವಾದ ಗೆರೆ.

ಪಡೆದವನ ಧರ್ಮವೂ ಒಂದುಂಟು. ಅಮೆರಿಕದ ಹೆಸರಿನಲ್ಲಿ ಬೆಟ್ಟದಂತೆ ಬೆಳೆದಿದ್ದ ರೂಪಾಯಿಗಳ ಋಣವನ್ನು ಹೇಗೆ ತೀರಿಸುವುದೆಂಬ ಚಿಂತೆ ನಮ್ಮನ್ನು ಬಹುಕಾಲ ಕಾಡಿತು. 1974ರ ಫೆಬ್ರುವರಿ 18ರಂದು ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿ ಆ ಋಣದ ಬಹುಭಾಗವನ್ನು ಬಿಟ್ಟುಕೊಟ್ಟರು. ಬಾಂಗ್ಲಾ ಯುದ್ಧದ ಕಾಲದಲ್ಲಿ, 1971ರ ಡಿಸೆಂಬರಿನಲ್ಲಿ, ನೆರವನ್ನು ತಡೆಹಿಡಿದ ರಾಷ್ಟ್ರವೇ ಎರಡು ವರ್ಷಗಳ ತರುವಾಯ ಹೀಗೆ ನಡೆದುಕೊಂಡಿತು. ಹೆದರಿಸಿದ್ದನ್ನು ನೆನೆಯುವವರು ಬಿಟ್ಟುಕೊಟ್ಟದ್ದನ್ನೂ ನೆನೆಯುವುದು ನ್ಯಾಯ. ಕೃತಜ್ಞತೆಯೂ ವಿಮರ್ಶೆಯೂ ಪರಸ್ಪರ ವಿರೋಧಿಗಳಲ್ಲ. ಕೊಟ್ಟವನ ಕೈಯನ್ನು ಸ್ಮರಿಸುತ್ತಲೇ ಹಗ್ಗ ಹಿಡಿದ ಕೈಯನ್ನು ಗುರುತಿಸುವುದು ಸ್ವಾಭಿಮಾನಿಯ ಲಕ್ಷಣ.

ನೆರವಿನ ಫಲವು ಎಣಿಸಿದ ಕಡೆಯಲ್ಲಿಯೇ ಬಿಡುವುದಿಲ್ಲವೆಂಬುದಕ್ಕೆ ಎರಡು ಸ್ವಾರಸ್ಯಕರ ನಿದರ್ಶನಗಳಿವೆ. ಗೋಧಿಯಿಂದ ಬಂದ ರೂಪಾಯಿಗಳಲ್ಲಿ ಒಂದು ಅಂಶದಿಂದ, 1962ರ ನಂತರ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಆ ದೇಶದ ವಿಶ್ವವಿದ್ಯಾನಿಲಯಗಳಿಗೆ ಹಂಚಿತು. ಹೀಗೆ ನಮ್ಮ ಕನ್ನಡದ ಗ್ರಂಥಗಳೂ ಕಡಲು ದಾಟಿ ದೂರದ ಗ್ರಂಥಾಲಯಗಳನ್ನು ಸೇರಿದುವು. ಇನ್ನೊಂದು, ನಮ್ಮ ಬೀಳುಗಳನ್ನೆಲ್ಲ ಆವರಿಸಿರುವ ಪಾರ್ಥೇನಿಯಂ, ಎಂದರೆ ಕಾಂಗ್ರೆಸ್ ಹುಲ್ಲು. ಅದು ಅಮೆರಿಕದ ಗೋಧಿಯೊಡನೆಯೇ ಬಂದಿತೆಂದು ಜನಜನಿತವಾದ ಮಾತು. 19ನೆಯ ಶತಮಾನದ ಆದಿಯಲ್ಲಿಯೇ ಈ ಸಸ್ಯವು ಭಾರತದಲ್ಲಿ ಇದ್ದಿತೆಂಬುದಕ್ಕೆ ಸಸ್ಯಶಾಸ್ತ್ರಜ್ಞರು ದಾಖಲೆಗಳನ್ನು ತೋರಿಸುತ್ತಾರೆ. ಗೋಧಿಯ ಮೂಟೆಗಳು ಅದನ್ನು ಮತ್ತಷ್ಟು ಹರಡಿರಬಹುದು. ಆದರೆ ಅನುಮಾನವನ್ನೇ ಪ್ರಮಾಣವೆಂದು ಸಾರುವುದು ದಾನಿಗೆ ಮಾಡುವ ಅನ್ಯಾಯ.

ಈಗ ಕಾಲಚಕ್ರವು ಮತ್ತೊಂದು ಸುತ್ತು ತಿರುಗಿದೆ. ಕೆನೆಡಿ 1961ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ನೂರಕ್ಕೆ 83ರಷ್ಟನ್ನು ರದ್ದುಪಡಿಸಿರುವುದಾಗಿ ಅಮೆರಿಕ ಸರ್ಕಾರವು 2025ರ ಮಾರ್ಚಿನಲ್ಲಿ ಸಾರಿತು. ಆ ವರ್ಷದ ಜುಲೈ 1ರಂದು ಸಂಸ್ಥೆಯ ಉಳಿದ ಕೆಲಸಗಳು ವಿದೇಶಾಂಗ ಇಲಾಖೆಯಲ್ಲಿ ಲೀನವಾದುವು. ಸಂಪನ್ನ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 0.7ರಷ್ಟನ್ನು ನೆರವಿಗಾಗಿ ಮೀಸಲಿಡಬೇಕೆಂದು ವಿಶ್ವಸಂಸ್ಥೆಯು 1970ರಲ್ಲಿ ಗೊತ್ತುಪಡಿಸಿದ ಗುರಿಯ ಅರ್ಧವನ್ನು ಕೂಡ ಅಮೆರಿಕವು ಅಂದಿನಿಂದ ಮುಟ್ಟಿರಲಿಲ್ಲ. ತಮ್ಮ ಹಣವನ್ನು ಕೊಡದಿರಲು ಅವರಿಗೆ ಹಕ್ಕಿಲ್ಲವೆ ಎಂದು ಕೇಳಬಹುದು. ಹೊಸದಾಗಿ ಕೊಡದಿರಲು ಹಕ್ಕಿದೆ. ಆದರೆ ಆಫ್ರಿಕದಲ್ಲಿ ಏಡ್ಸ್ ರೋಗಿಗಳಿಗೆ 2003ರಿಂದ ಔಷಧವನ್ನು ಒದಗಿಸಿ ಎರಡೂವರೆ ಕೋಟಿ ಜೀವಗಳನ್ನು ಉಳಿಸಿದ್ದಾಗಿ ಆ ಸರ್ಕಾರವೇ ಲೆಕ್ಕ ಹೇಳಿತ್ತು. ಆ ಔಷಧವನ್ನು ರೋಗಿಯು ಜೀವಮಾನಪರ್ಯಂತ ತೆಗೆದುಕೊಳ್ಳಬೇಕು. ಒಬ್ಬನನ್ನು ನಡುಹೊಳೆಯವರೆಗೆ ಕೈಹಿಡಿದು ಕರೆತಂದವನು, ಕೈಹಿಡಿಯುವುದು ನನ್ನ ಇಚ್ಛೆಗೆ ಸೇರಿದ್ದೆಂದು ಅಲ್ಲಿ ಬಿಟ್ಟುಬಿಡಲಾಗದು. ದಡ ಮುಟ್ಟಿಸಿದ ಮೇಲೆ ಬಿಡಬಹುದು, ಅಥವಾ ಬೇರೊಂದು ಕೈಗೆ ಒಪ್ಪಿಸಿ ಬಿಡಬಹುದು. ಕೊಡುತ್ತ ಬಂದದ್ದು ಕೊಡುವವನ ಮೇಲೆಯೂ ಒಂದು ಋಣವನ್ನು ಹೊರಿಸುತ್ತದೆ.

ಈ ವಿಚಾರವೆಲ್ಲ ಅನ್ಯರನ್ನು ತೂಗಲಿಕ್ಕೆ ಮಾತ್ರವಲ್ಲ. ಬೇಡುತ್ತಿದ್ದ ಭಾರತವು ಇಂದು ಕೊಡುವ ರಾಷ್ಟ್ರಗಳ ಸಾಲಿನಲ್ಲಿಯೂ ನಿಂತಿದೆ. 2022ರಲ್ಲಿ ಆಫ್ಘಾನಿಸ್ಥಾನಕ್ಕೆ 50,000 ಟನ್ ಗೋಧಿಯನ್ನು ಕಳುಹಿಸತೊಡಗಿತು. ಅದೇ ವರ್ಷ ದಿವಾಳಿಯೆದ್ದ ಶ್ರೀಲಂಕೆಗೆ ಸುಮಾರು 400 ಕೋಟಿ ಡಾಲರುಗಳ ಆಸರೆಯನ್ನಿತ್ತಿತು. ನಮ್ಮ ನೆರವಿನಲ್ಲಿಯೂ ಸ್ವಹಿತವು ಬೆರೆತಿದೆ, ಬೆರೆಯುವುದೂ ಸಹಜ. ಆದರೆ ತಿಂಗಳ ಕಂತಿಗಾಗಿ ಕಾದು ಕುಳಿತವರ ಮನಸ್ಸು ಹೇಗಿರುತ್ತದೆಂಬುದನ್ನು 1966ರಲ್ಲಿ ಉಂಡವರು ನಾವು. ನಮ್ಮ ನೆರೆಯವನ ಹಸಿವು ನಮ್ಮ ಕೈಗೆ ಹಗ್ಗವಾಗಿ ಸಿಕ್ಕ ದಿನ ನಾವು ಅದನ್ನು ಎಳೆಯುತ್ತೇವೆಯೋ ಬಿಡುತ್ತೇವೆಯೋ ಎಂಬುದರ ಮೇಲೆ ನಾವು ಕಲಿತ ಪಾಠದ ಪರೀಕ್ಷೆ ನಿಂತಿದೆ.

ರಾಷ್ಟ್ರಗಳು ಶುದ್ಧವಾದ ದಾನವನ್ನು ಮಾಡಲಾರವು ಎಂದು ಒಪ್ಪಿಕೊಳ್ಳೋಣ. ಹಸಿದವನನ್ನು ಅವಮಾನಿಸದೆ ಕೊಡುವುದು, ಅವನೇ ಬೆಳೆದುಕೊಳ್ಳುವಂತೆ ಬೀಜವನ್ನು ಕೊಡುವುದು, ನಡುಹೊಳೆಯಲ್ಲಿ ಕೈಬಿಡದಿರುವುದು ಇವು ಮೂರೂ ರಾಷ್ಟ್ರಗಳ ಶಕ್ತಿಗೆ ಮೀರಿದುವಲ್ಲ. ಶುದ್ಧತೆ ದೊರಕದೆಂಬ ನೆಪದಿಂದ ನ್ಯಾಯವನ್ನೂ ಕೈಬಿಡುವುದು ಮನುಷ್ಯರಿಗೆ ಭೂಷಣವಲ್ಲ. ಮನುಷ್ಯರಿಂದಲೇ ಆದ ರಾಷ್ಟ್ರಗಳಿಗೂ ಭೂಷಣವಲ್ಲ.